ಕಳ್ಳಿ ಹೂವಿನ ಕಳ್ಳರು: ಹಾಸನದ ಒಂದು ಕಾಲೇಜು ತೋಟದ ಪ್ರಕರಣ

ಜೂನ್ ತಿಂಗಳ ಒಂದು ಬೆಳಿಗ್ಗೆ. ಕಾಲೇಜಿನ ಗೇಟಿನ ಹತ್ತಿರವೇ ಮಾಲಿ ಅಣ್ಣ ಕಾಯುತ್ತಾ ನಿಂತಿದ್ದರು. ಕೈಯಲ್ಲಿ ಬಾಡಿದ ಡ್ರ್ಯಾಗನ್ ಫ್ರೂಟ್ ಹೂ. ಒಂದು ಕಡೆಯ ದಳಗಳನ್ನೆಲ್ಲ ಯಾವುದೋ ಮೇದು, ಅಂಚು ಚಿಂದಿಯಾಗಿತ್ತು.

"ನೋಡಿ ಮೇಡಂ, ರಾತ್ರಿ ಮತ್ತೆ ತಿಂದವೆ. ಬಾವ್ಲಿ ಕೆಲ್ಸ ಇದು. ಹಿಂಗೇ ಬಿಟ್ರೆ ಒಂದು ಕಾಯೂ ನಿಲ್ಲಲ್ಲ."

ನಾನು ಹೌದು ಅಂತ ತಲೆಯಾಡಿಸಿದೆ. ವರ್ಷಗಟ್ಟಲೆ ಬಾಟನಿ ಪಾಠ ಮಾಡಿದವಳು ಒಂದು ಸಲ ಆ ಹೂವನ್ನು ಕೈಗೆ ತಗೊಂಡು ತಿರುಗಿಸಿ ನೋಡಬೇಕಿತ್ತು. ನೋಡಲಿಲ್ಲ. ಆ ಒಂದು ತಲೆಯಾಟಕ್ಕೆ ನಮ್ಮ ತೋಟದಲ್ಲಿ ಇಡೀ ಹಂಗಾಮಿನ ಕಾಯಿ ಹೋಯಿತು, ಒಂದು ಬಾವಲಿಯ ಜೀವವೂ ಹೋಯಿತು. ಏನಾಯಿತು ಅನ್ನೋದನ್ನು ಆದ ಹಾಗೇ ಬರೆಯುತ್ತೇನೆ.

ತೋಟದ ಕಥೆ

ನಮ್ಮದು ಹಾಸನ ಊರಂಚಿನ ಒಂದು ಪದವಿ ಕಾಲೇಜು. ಬಾಟನಿ ವಿಭಾಗದ ಹಿಂದೆ ಸಣ್ಣದೊಂದು ಸಸ್ಯೋದ್ಯಾನ ಇದೆ. 240 ಎಕರೆಯ ಲಾಲ್‌ಬಾಗ್ ನೋಡಿ ಬಂದ ಮಕ್ಕಳು ಇದನ್ನು ನೋಡಿದರೆ ನಗುತ್ತಾರೆ. ನಗಲಿ ಬಿಡಿ. ಆದರೆ ಹಾಸನ ಇರುವ ಜಾಗ ಮಾತ್ರ ಕಳ್ಳಿ ಬೆಳೆಸುವವರಿಗೆ ಒಂದು ತಮಾಷೆ. ಸಕಲೇಶಪುರದ ಕಡೆ ಹೋದರೆ ಕಾಫಿ, ಮೆಣಸು, ಜಿಗಣೆ. ಅರಸೀಕೆರೆ ಕಡೆ ಹೋದರೆ ತೆಂಗು, ರಾಗಿ, ಒಣ ಬೇಲಿ. ನಾವು ಎರಡರ ನಡುವೆ, ಮೂರು ಸಾವಿರ ಅಡಿ ಎತ್ತರದಲ್ಲಿ ಕೂತಿದ್ದೇವೆ. ಮುಂಗಾರಿನ ಸೋನೆ ಹಿಡಿದರೆ ಕಳ್ಳಿ ಕೊಳೆಯುವ ಭಯ. ಬಿಟ್ಟರೆ ಹೂವೋ ಹೂವು.

ತೋಟದ ಮೂಲೆಯಲ್ಲಿ "ಕಳ್ಳಿ ವಿಭಾಗ" ಅಂತ ಬೋರ್ಡು. ನಿಜ ಹೇಳಬೇಕಂದ್ರೆ ಅಲ್ಲಿರುವ ಅರ್ಧ ಗಿಡ ಕ್ಯಾಕ್ಟಸ್ ಅಲ್ಲವೇ ಅಲ್ಲ. ನಮ್ಮ ಊರುಗಳ ಬೇಲಿಯ ಹಾಲುಗಳ್ಳಿ ಯೂಫೋರ್ಬಿಯಾ ಕುಲದ್ದು. ಗೀರಿದರೆ ಬಿಳಿ ಹಾಲು ಸುರಿಯುತ್ತೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕು. ಕ್ಯಾಕ್ಟಸ್ ಜಾತಿಯದು ಹೆಚ್ಚುಕಡಿಮೆ ಪೂರ್ತಿ ಅಮೆರಿಕ ಖಂಡಗಳಿಂದ ಬಂದ ಸಂಸಾರ. ಮುಳ್ಳಿನ ಬುಡದಲ್ಲಿ ಸಣ್ಣ ಹತ್ತಿಯ ಮೆತ್ತೆ ಇಟ್ಟಂಥ ಗುರುತು ಇದ್ದರೆ ಅದು ಕ್ಯಾಕ್ಟಸ್. ಕನ್ನಡದಲ್ಲಿ ಎರಡಕ್ಕೂ ಕಳ್ಳಿ ಅಂತಲೇ ಅನ್ನುತ್ತೇವೆ, ನಾನೂ ಇಲ್ಲಿ ಹಾಗೇ ಅನ್ನುತ್ತೇನೆ.

ಈ ಪ್ರಕರಣಕ್ಕೆ ಬೇಕಾದ ಗಿಡಗಳು ಇಷ್ಟು. ಕಲ್ಲುಕಂಬಕ್ಕೆ ಹಬ್ಬಿಸಿದ ಎರಡು ಡ್ರ್ಯಾಗನ್ ಫ್ರೂಟ್ ಬಳ್ಳಿ. ಒಂದು ಹಳೆಯದು, ಬಿಳಿ ತಿರುಳಿನದು. ಇನ್ನೊಂದು ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ಕೊಟ್ಟ ಕೆಂಪು ತಿರುಳಿನದು. ಹಳದಿ ಹೂವಿನ ಪಾಪಾಸುಕಳ್ಳಿ. ಮುಳ್ಳೇ ಇಲ್ಲದಂಥ, ಕೆಂಪು ಹೂವಿನ ಇನ್ನೊಂದು ಪಾಪಾಸುಕಳ್ಳಿ. ಆಮೇಲೆ ಕುಂಡದಲ್ಲಿ ಬ್ರಹ್ಮಕಮಲ.

ಬಲೆ ಕಟ್ಟಿದ ವರ್ಷ

ಬಾವಲಿ ಅಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಇನ್ನೊಂದು ಭಯ ಶುರುವಾಯಿತು. 2018ರಲ್ಲಿ ಕೇರಳದ ಕೋಝಿಕ್ಕೋಡ್ ಕಡೆ ಬಾವಲಿಯಿಂದ ಹರಡುವ ನಿಪಾ ಜ್ವರ ಬಂದಾಗಿನಿಂದ ಬಾವಲಿ ಹೆಸರು ಕೇಳಿದರೆ ಜನ ಕೈ ತೊಳೆಯೋಕೆ ಎದ್ದು ಹೋಗುತ್ತಾರೆ. ಮಕ್ಕಳು ಓಡಾಡುವ ಜಾಗ, ಬಾವಲಿ ಬರಬಾರದು, ಬಲೆ ಹಾಕಿಬಿಡಿ ಅಂತ ತೀರ್ಮಾನ ಆಯಿತು. ಸಂತೆಪೇಟೆಯಿಂದ ನೈಲಾನ್ ಹಕ್ಕಿಬಲೆ ಬಂತು. ಎರಡೂ ಕಂಬದ ಸುತ್ತ ಕಟ್ಟಿದೆವು.

ಒಂದು ವಾರ ಕಳೆದಿರಲಿಲ್ಲ, ಬೆಳಿಗ್ಗೆ ನೋಡಿದರೆ ಬಲೆಯಲ್ಲಿ ಒಂದು ಬಾವಲಿ ಸಿಕ್ಕಿಹಾಕಿಕೊಂಡಿತ್ತು. ಅಂಗೈಯಷ್ಟು ಮೈ, ನಾಯಿಮರಿಯಂಥ ಮುಖ. ಹಣ್ಣು ತಿನ್ನುವ ಸಣ್ಣ ಮೂತಿಯ ಬಾವಲಿ, ಊರ ತೋಟಗಳಲ್ಲಿ ಮಾಮೂಲಿ ಇರೋದೇ. ಮಾಲಿ ಅಣ್ಣ ದಪ್ಪ ಗೋಣಿ ಸುತ್ತಿಕೊಂಡು ಕತ್ತರಿಯಿಂದ ದಾರ ಕತ್ತರಿಸಿದರು. ರೆಕ್ಕೆಯ ಪೊರೆ ಹರಿದಿತ್ತು. ಮಧ್ಯಾಹ್ನದ ಹೊತ್ತಿಗೆ ಸತ್ತಿತು. ಅವತ್ತು ಅವರು ಊಟ ಮಾಡಲಿಲ್ಲ. "ಓಡ್ಸಣ ಅಂದ್ವಿ, ಸಾಯಿಸ್ಬಿಟ್ವಲ್ಲ ಮೇಡಂ" ಅಂದರು.

ಆ ಬಲೆಯ ಕೆಳಗೆ ನೆಲದಲ್ಲಿ ಒಂದಿಷ್ಟು ಹಿಕ್ಕೆ ಬಿದ್ದಿತ್ತು. ಅದರ ತುಂಬ ಮರಳಿನಂಥ ಸಣ್ಣ ಬೀಜ. ಗಸಗಸೆ ಹಣ್ಣಿನ ಬೀಜ ಅದು. ನಮ್ಮ ಕಾಂಪೌಂಡಿನಲ್ಲೇ, ಈ ಕಂಬಗಳಿಂದ ಹತ್ತು ಮಾರು ಆಚೆ ಒಂದು ಗಸಗಸೆ ಮರ ಇದೆ. ಸಂಜೆಯಾದರೆ ಬಾವಲಿಗಳು ಅದಕ್ಕೆ ಮುಗಿಬೀಳುತ್ತವೆ. ಇದನ್ನು ಕಣ್ಣಾರೆ ನೋಡಿಯೂ ನನಗೆ ಹೊಳೆಯಲಿಲ್ಲ. ಸಾಕ್ಷಿ ಕಾಲ ಬುಡದಲ್ಲೇ ಇತ್ತು.

ಹಕ್ಕಿಬಲೆ ಬಿಚ್ಚಿದೆವು. ಅದರ ಬದಲು ನರ್ಸರಿಯವರ ಹಸಿರು ಶೇಡ್ ನೆಟ್ ತಂದು, ದಿನಾ ಸಂಜೆ ಕಂಬಗಳಿಗೆ ಸೀರೆ ಉಡಿಸಿದ ಹಾಗೆ ಸುತ್ತುವುದು, ಬೆಳಿಗ್ಗೆ ಒಂಬತ್ತೂವರೆಗೆ ಕಾಲೇಜು ಶುರುವಾದಾಗ ಬಿಚ್ಚುವುದು ಅಂತ ಮಾಡಿದೆವು. ಇದರಲ್ಲಿ ಯಾವ ಪ್ರಾಣಿಯೂ ಸಿಕ್ಕಿಹಾಕಿಕೊಳ್ಳಲ್ಲ, ಒಳ್ಳೆಯ ಉಪಾಯ ಅಂತ ನಮ್ಮ ಬೆನ್ನು ನಾವೇ ತಟ್ಟಿಕೊಂಡೆವು.

ಆ ಹಂಗಾಮಿನಲ್ಲಿ ಕೆಂಪು ಬಳ್ಳಿ ಒಂದೇ ಒಂದು ಕಾಯಿ ಕಟ್ಟಲಿಲ್ಲ. ಬಿಳಿ ಬಳ್ಳಿಯಲ್ಲಿ ಎರಡು ಬಂತು, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಬಲೆ ಹಾಕದ ಹಿಂದಿನ ವರ್ಷ ಅರ್ಧಕ್ಕರ್ಧ ಹೂವಾದರೂ ಕಾಯಿ ನಿಂತಿತ್ತು. ಇನ್ನೊಂದು ವಿಚಿತ್ರ ಅಂದ್ರೆ, ಶೇಡ್ ನೆಟ್ ಒಳಗೂ ಹೂಗಳನ್ನು ಯಾರೋ ಮೇಯುತ್ತಲೇ ಇದ್ದರು.

ಬಾವಲಿ ಒಳಗೆ ಹೋಗೋಕೆ ಸಾಧ್ಯ ಇಲ್ಲ. ಹಾಗಾದರೆ ತಿಂದವರು ಯಾರು? ತಿಂದದ್ದಕ್ಕೇ ಕಾಯಿ ಹೋಯಿತಾ? ಇವು ಎರಡು ಬೇರೆ ಬೇರೆ ಪ್ರಶ್ನೆ. ಹೂವಿಗೆ ಯಾರು ಬರುತ್ತಾರೆ ಅನ್ನೋದು ಮೂರನೆಯದು. ನಾವು ಮೂರನ್ನೂ ಸೇರಿಸಿ ಒಂದೇ ಉತ್ತರ ಕೊಟ್ಟಿದ್ದೆವು: ಬಾವಲಿ.

ರಾತ್ರಿ ಕಾವಲು

ಮರುವರ್ಷ ಮೇ ತಿಂಗಳಲ್ಲಿ ಮೊಗ್ಗು ಬಂದಾಗ ಶೇಡ್ ನೆಟ್ ಸ್ಟೋರ್ ರೂಮಿಗೆ ಹೋಯಿತು. ನಾನು, ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳು, ಮಾಲಿ ಅಣ್ಣ ಸೇರಿ ಹೂ ಅರಳುವ ರಾತ್ರಿಗಳಲ್ಲಿ ಕಾವಲು ಕೂತೆವು. ಟಾರ್ಚಿಗೆ ಕೆಂಪು ಕಾಗದ ಸುತ್ತಿದೆವು, ಹುಳುಗಳಿಗೆ ಕೆಂಪು ಬೆಳಕು ಅಷ್ಟಾಗಿ ಕಾಣಲ್ಲ. ಒಂದು ನೋಟ್‌ಬುಕ್ಕು, ಪ್ರತಿ ಹೂವಿಗೊಂದು ಬಣ್ಣದ ದಾರ, ಫ್ಲಾಸ್ಕಿನಲ್ಲಿ ಕಾಫಿ. ಇಷ್ಟೇ ಸಲಕರಣೆ.

ಡ್ರ್ಯಾಗನ್ ಫ್ರೂಟ್ ಹೂ ಅರಳೋದನ್ನು ನೋಡದವರು ಒಮ್ಮೆ ನೋಡಬೇಕು. ಒಂದು ಗೇಣಿಗೂ ಉದ್ದದ ಮೊಗ್ಗು. ಸಂಜೆ ಏಳರ ಸುಮಾರಿಗೆ ತುದಿ ಬಿರಿಯುತ್ತೆ. ಹತ್ತು ಗಂಟೆ ಹೊತ್ತಿಗೆ ತಟ್ಟೆಯಗಲ ಅರಳಿ ನಿಂತಿರುತ್ತೆ. ಒಳಗೆ ನೂರಾರು ಹಳದಿ ಕೇಸರ. ನಡುವೆ ಒಂದು ದಪ್ಪ ಕಡ್ಡಿ, ಅದರ ತುದಿಯಲ್ಲಿ ನಕ್ಷತ್ರದ ಹಾಗೆ ಬಿಡಿಸಿಕೊಂಡ ಎಳೆಗಳು. ಪುಸ್ತಕದಲ್ಲಿ ಇದಕ್ಕೆ ಶಲಾಕಾಗ್ರ ಅಂತ ಹೆಸರು. ಮಾಲಿ ಅಣ್ಣ ಇದನ್ನು "ಹೂವಿನ ನಾಲಿಗೆ" ಅನ್ನುತ್ತಾರೆ. ನನಗೆ ಅದೇ ಚೆನ್ನಾಗಿದೆ ಅನಿಸಿತು, ಇಲ್ಲೂ ಅದನ್ನೇ ಬಳಸುತ್ತೇನೆ. ಪರಾಗ ಈ ನಾಲಿಗೆಗೆ ತಾಗಿದರೆ ಮಾತ್ರ ಕಾಯಿ. ನಾಲಿಗೆಯೋ ಕೇಸರಗಳಿಗಿಂತ ಮೇಲೆ ಚಾಚಿಕೊಂಡಿರುತ್ತೆ. ಅಂದರೆ ಪರಾಗ ತಾನಾಗಿ ಅಲ್ಲಿಗೆ ಹತ್ತೋದು ಕಷ್ಟ. ಯಾರಾದರೂ ಎತ್ತಿಕೊಂಡು ಹೋಗಿ ಹಚ್ಚಬೇಕು.

ಮೊದಲ ರಾತ್ರಿ ಒಂಬತ್ತರ ತನಕ ಏನೂ ಇಲ್ಲ. ಆಮೇಲೆ ಗಾಳಿಯಲ್ಲಿ ಫ್ಯಾನು ತಿರುಗಿದಂಥ ಸದ್ದು. ಬೂದು ಬಣ್ಣದ ದೊಡ್ಡ ಪತಂಗ, ಹೊಟ್ಟೆಯ ಮೇಲೆ ನಸುಗೆಂಪು ಪಟ್ಟೆ. ಕೂರಲೇ ಇಲ್ಲ. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಮೈಗಿಂತ ಉದ್ದದ ಕೊಳವೆ ಬಿಚ್ಚಿ ಒಳಗೆ ಇಳಿಸಿತು. ನಮ್ಮ ಕಡೆ ಗೆಣಸಿನ ಎಲೆ ಮೇಯುವ, ಬಾಲದಲ್ಲಿ ಕೊಂಬಿರುವ ದಪ್ಪ ಹುಳು ನೋಡಿರುತ್ತೀರಲ್ಲ, ಅದೇ ದೊಡ್ಡದಾಗಿ ಈ ಪತಂಗ ಆಗೋದು. ನೋಡೋಕೆ ಏನು ಚೆಂದ! ಆದರೆ ನಾವು ನೋಡಿದ ಭೇಟಿಗಳಲ್ಲಿ ಅದು ದೂರದಿಂದಲೇ ಕುಡಿದು ಹೋಯಿತು. ನಾಲಿಗೆಗೆ ಮೈ ತಾಗಿಸಿದ್ದು ಕಮ್ಮಿ.

ಬಾವಲಿಗಳು ಬಂದವು. ಒಂದಲ್ಲ, ಹತ್ತಾರು. ಎಲ್ಲವೂ ನಮ್ಮ ತಲೆ ಮೇಲಿಂದ ನೇರ ಗಸಗಸೆ ಮರಕ್ಕೆ ಹೋದವು. ನಾವು ಕೂತ ಒಂದು ರಾತ್ರಿಯೂ ಒಂದು ಬಾವಲಿಯೂ ಹೂವಿನ ಮೇಲೆ ಇಳಿಯಲಿಲ್ಲ.

ಇಲ್ಲಿ ಸ್ವಲ್ಪ ದೂರದ ಮಾತು ಹೇಳಬೇಕು, ಯಾಕಂದ್ರೆ ನಮ್ಮ ಅನುಮಾನ ಹುಟ್ಟಿದ್ದೂ ಅಲ್ಲಿಂದಲೇ. ಕಳ್ಳಿ ಹೂ ಮತ್ತು ಬಾವಲಿಯ ನೆಂಟಸ್ತನ ಪಾಠದಲ್ಲೇ ಇದೆ. ಅಮೆರಿಕದ ಅರಿಜೋನ ಮತ್ತು ಮೆಕ್ಸಿಕೋದ ಮರುಭೂಮಿಯಲ್ಲಿ ಸಗ್ವಾರೋ ಅನ್ನುವ ಆಳೆತ್ತರ ಮೀರಿದ ಕಂಬಗಳ್ಳಿ ಇದೆ. ಅದರ ಬಿಳಿ ಹೂ ರಾತ್ರಿ ಅರಳಿ ಮರುದಿನ ಮಧ್ಯಾಹ್ನದವರೆಗೆ ಇರುತ್ತೆ. ರಾತ್ರಿ ಪಾಳಿಗೆ ಉದ್ದ ಮೂತಿಯ ಬಾವಲಿ ಬರುತ್ತೆ, ಹಗಲು ಪಾಳಿಗೆ ಬಿಳಿ ರೆಕ್ಕೆಯ ಪಾರಿವಾಳ ಮತ್ತು ಜೇನು. ಆ ಬಾವಲಿ ಅಲ್ಲಿ ಅಳಿವಿನಂಚಿನ ಪಟ್ಟಿಯಲ್ಲಿತ್ತು, ಸಂಖ್ಯೆ ಚೇತರಿಸಿಕೊಂಡು 2018ರಲ್ಲಿ ಪಟ್ಟಿಯಿಂದ ಹೊರಬಂತು. ಡ್ರ್ಯಾಗನ್ ಫ್ರೂಟಿನ ತವರೂ ಆ ಖಂಡದ ಕಡೆಯೇ, ಅಲ್ಲಿ ಅದರ ಹೂವಿಗೂ ಬಾವಲಿ ಬರುತ್ತೆ. ಆದರೆ ಅಲ್ಲಿನ ಮಕರಂದ ಕುಡಿಯುವ ಬಾವಲಿಗಳು ಗಾಳಿಯಲ್ಲಿ ನಿಂತು ನಾಲಿಗೆ ಚಾಚಬಲ್ಲವು. ನಮ್ಮ ಹಣ್ಣುಬಾವಲಿಗಳು ಹೆಚ್ಚಾಗಿ ಹೂವನ್ನೇ ತಬ್ಬಿಕೊಂಡು ಕೂರುತ್ತವೆ. ಬಾಳೆಯ ಮೂತಿಯನ್ನು ಬೆಳಿಗ್ಗೆ ನೋಡಿ, ಬಾವಲಿ ಬಂದಿದ್ದರೆ ಉಗುರು ಚುಚ್ಚಿದ ಕಪ್ಪು ಚುಕ್ಕೆಗಳು ಕಾಣುತ್ತವೆ. ನಮ್ಮ ಡ್ರ್ಯಾಗನ್ ಹೂಗಳ ಒಂದು ದಳದಲ್ಲೂ ಅಂಥ ಚುಕ್ಕೆ ಇರಲಿಲ್ಲ. ನಾನು ಪುಸ್ತಕದ ಬಾವಲಿಯನ್ನು ತಂದು ಹಾಸನದ ಬಾವಲಿಯ ಮೇಲೆ ಕೇಸು ಹಾಕಿದ್ದೆ.

ಹೊಳೆಯುವ ಗೆರೆ

ಮೂರನೆಯ ಕಾವಲಿನ ದಿನ ಸಂಜೆ ಮಳೆ ಬಂದು ನಿಂತಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಹುಡುಗಿ ಒಬ್ಬಳು ಪಿಸುಗುಟ್ಟಿದಳು, "ಮ್ಯಾಮ್, ಕಂಬ ನೋಡಿ." ಕಲ್ಲುಕಂಬದ ಮೇಲೆ ನಾಲ್ಕು ದೊಡ್ಡ ಬಸವನಹುಳು ಸಾಲಾಗಿ ಹತ್ತುತ್ತಿದ್ದವು. ಅವಸರವೇ ಇಲ್ಲ. ಮೊದಲನೆಯದು ಹೂವಿನ ಹೊರದಳ ತಲುಪಿತು, ಉಜ್ಜುತ್ತಾ ಉಜ್ಜುತ್ತಾ ಮೇಯತೊಡಗಿತು. ಕಿವಿ ಹತ್ತಿರ ತಂದರೆ ಸಣ್ಣಗೆ ಕರಕರ ಸದ್ದು ಕೇಳುತ್ತಿತ್ತು.

ಆಫ್ರಿಕದ ದೈತ್ಯ ಬಸವನಹುಳು ಇದು. 1847ರಲ್ಲಿ ಕಲ್ಕತ್ತೆಯ ತೋಟಕ್ಕೆ ಬಂದದ್ದು, ಈಗ ದೇಶದ ತುಂಬ ಹರಡಿದೆ. ಕಾಫಿ ಸೀಮೆಯವರಿಗೆ, ಅಡಿಕೆ ತೋಟದವರಿಗೆ ಇದರ ಕಾಟ ಹೇಳಿಕೊಡಬೇಕಿಲ್ಲ. ಶೇಡ್ ನೆಟ್ ಹಾಕಿದರೂ ಕಂಬದ ಬುಡದಿಂದಲೇ ಒಳಗೆ ಹತ್ತಿಕೊಂಡು ಹೋಗುತ್ತಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲಿನ ಮೇಲೆ ಒಣಗಿದ ಬೆಳ್ಳಿಯ ಗೆರೆ ಹೊಳೆಯುತ್ತಿತ್ತು. ಆ ಗೆರೆ ಹೋದ ವರ್ಷವೂ ಇದ್ದಿರಲೇಬೇಕು. ನಾವು ಮೇಲೆ ನೋಡುತ್ತಾ ಬಾವಲಿ ಹುಡುಕುತ್ತಿದ್ದೆವು, ಬುಡ ನೋಡಲಿಲ್ಲ.

ಆದರೆ ಬಸವನಹುಳು ತಿಂದ ಹೂಗಳಿಗೆ ದಾರ ಕಟ್ಟಿ ಕಾದು ನೋಡಿದೆವಲ್ಲ, ಅವುಗಳಲ್ಲೂ ಕಾಯಿ ನಿಂತವು! ಕಾರಣ ಸರಳ. ಕಳ್ಳಿ ಹೂವಿನಲ್ಲಿ ಕಾಯಿಯಾಗುವ ಭಾಗ ದಳಗಳ ಕೆಳಗೆ, ದಪ್ಪ ಹಸಿರು ತೊಟ್ಟಿನೊಳಗೆ ಹುದುಗಿರುತ್ತೆ. ದಳ ಬರೀ ಕೊಡೆ. ಕೊಡೆ ಹರಿದರೆ ಮನೆ ಬೀಳಲ್ಲ. ಎಳೆ ಮೊಗ್ಗನ್ನು ಮೇದಾಗ ಮಾತ್ರ ನಷ್ಟ ಆಗುತ್ತಿತ್ತು. ಚಿಂದಿಯಾದ ಹೂ ನೋಡಿ ನಾವು ಗಾಬರಿಯಾಗಿದ್ದೆವು, ಆದರೆ ಕಾಯಿ ಹೋಗಿದ್ದು ಆ ಚಿಂದಿಯಿಂದಲ್ಲ.

ಬೆಳಗಿನ ಜಾವದ ಜನ

ಮತ್ತೆ ಯಾವುದರಿಂದ? ಉತ್ತರ ಸಿಕ್ಕಿದ್ದು ನಾವು ಎದ್ದು ಹೋಗಬೇಕು ಅಂದುಕೊಂಡ ಹೊತ್ತಿಗೆ. ಇನ್ನೂ ಮಸುಕು ಮಸುಕು, ಐದೂಮುಕ್ಕಾಲು ಇರಬಹುದು. ಮೊದಲು ಒಂದು ಹೆಜ್ಜೇನು. ಐದು ನಿಮಿಷದಲ್ಲಿ ಹೂವಿಗೆ ಹತ್ತಿಪ್ಪತ್ತು. ಕೇಸರಗಳ ಮೇಲೆ ಈಜುತ್ತಾ ಇದ್ದವು, ನಿಜವಾಗಿಯೂ ಈಜುತ್ತಾ. ಕಾಲಿಗೆ ಹಳದಿ ಮುದ್ದೆ ಕಟ್ಟಿಕೊಂಡು, ಹಾರುವ ಮುಂಚೆ ಮೇಲೆ ಚಾಚಿದ ನಾಲಿಗೆಯ ಮೇಲೆ ಹತ್ತಿ ನಿಂತು ಮೈ ಒರೆಸಿಕೊಳ್ಳುತ್ತಿದ್ದವು. ಸ್ವಲ್ಪ ಬೆಳಕಾದ ಮೇಲೆ ತುಡುವೆ ಜೇನು ಬಂತು, ಕೊನೆಗೆ ಚುಚ್ಚದ ಪುಟ್ಟ ಜೇನು ಮಿಸರಿ. ಎಂಟೂವರೆ ಒಂಬತ್ತಕ್ಕೆ ಹೂ ಸೋತು ಬಾಯಿ ಮುಚ್ಚಿತು.

ನಾವು ಶೇಡ್ ನೆಟ್ ಬಿಚ್ಚುತ್ತಿದ್ದದ್ದು ಒಂಬತ್ತೂವರೆಗೆ.

ಇದನ್ನು ನೋಟ್‌ಬುಕ್ಕಿನಲ್ಲಿ ಬರೆದ ಮೇಲೆ ಸ್ವಲ್ಪ ಹೊತ್ತು ನಾವ್ಯಾರೂ ಮಾತಾಡಲಿಲ್ಲ. ಕಾಯಿ ತಿಂದದ್ದು ಬಾವಲಿಯಲ್ಲ, ಬಸವನಹುಳುವಲ್ಲ. ನಮ್ಮ ಬಲೆ.

ಒಂದು ಹುಣ್ಣಿಮೆ ಆಸುಪಾಸಿನ ರಾತ್ರಿ ಇನ್ನೂ ಮಜಾ ಆಯಿತು. ಮೋಡ ಸರಿದು ಬೆಳದಿಂಗಳು ಬಿದ್ದಿತ್ತು. ಬೆಳಗಾಗೋಕೆ ಇನ್ನೂ ಎಷ್ಟೋ ಹೊತ್ತಿತ್ತು, ಅಷ್ಟರಲ್ಲೇ ಹೆಜ್ಜೇನು ಹಾಜರ್. ಹೆಜ್ಜೇನು ಬೆಳದಿಂಗಳಲ್ಲಿ ಮೇಯುತ್ತೆ ಅಂತ ಓದಿದ್ದೆ, ನೋಡಿದ್ದು ಅವತ್ತೇ ಮೊದಲು. ಹತ್ತಿರದ ನೀರಿನ ಟ್ಯಾಂಕಿನ ಕೆಳಗೆ ಅವುಗಳ ಗೂಡುಗಳು ಇವೆ. ಆ ಗೂಡಿಗೆ ಹೊಗೆ ಹಾಕಿಸಬೇಕು ಅಂತ ಎರಡು ವರ್ಷದಿಂದ ಅರ್ಜಿ ಓಡಾಡುತ್ತಿತ್ತು. ನಾನೇ ಒಂದಕ್ಕೆ ಸಹಿ ಮಾಡಿದ್ದೆ.

ಸುಮ್ನೆ ಜೇನು ಅಂದರೆ ಸಾಲದು, ಖಾತ್ರಿ ಬೇಕಲ್ವಾ? ಮುಂದಿನ ಅರಳುವಿಕೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆವು. ಕೆಂಪು ಬಳ್ಳಿಯ ಕೆಲವು ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ ಹಾಗೇ ಬಿಟ್ಟೆವು. ಕೆಲವಕ್ಕೆ ಚೀಲದ ಒಳಗೆ ಅದೇ ಬಳ್ಳಿಯ ಪರಾಗವನ್ನು ಬ್ರಷ್ಷಿನಿಂದ ಹಚ್ಚಿದೆವು. ಇನ್ನು ಕೆಲವಕ್ಕೆ ಬಿಳಿ ಬಳ್ಳಿಯ ಪರಾಗ. ಒಂದು ವಾರದೊಳಗೆ ಮೊದಲ ಎರಡು ಗುಂಪು ಹಳದಿಯಾಗಿ ಉದುರಿತು. ಬಿಳಿಯ ಪರಾಗ ತಗೊಂಡವು ಮಾತ್ರ ಹಸಿರಾಗಿ ಊದಿಕೊಂಡವು. ಕೆಂಪು ತಿರುಳಿನ ಎಷ್ಟೋ ತಳಿಗಳು ತಮ್ಮದೇ ಪರಾಗ ಒಪ್ಪಲ್ಲ, ಬೇರೆ ಬಳ್ಳಿಯದು ಬೇಕು. ಬಿಳಿ ತಿರುಳಿನದು ತನ್ನದನ್ನು ಒಪ್ಪುತ್ತೆ, ಆದರೆ ಹಚ್ಚುವವರು ಬೇಕು. ಬಲೆಯ ವರ್ಷ ಬಿಳಿಯಲ್ಲಿ ಎರಡು ಪುಟ್ಟ ಕಾಯಿ, ಕೆಂಪಿನಲ್ಲಿ ಸೊನ್ನೆ ಯಾಕೆ ಬಂತು ಅನ್ನೋದಕ್ಕೂ ಇದರಲ್ಲೇ ಉತ್ತರ ಸಿಕ್ಕಿತು. ಡ್ರ್ಯಾಗನ್ ಫ್ರೂಟ್ ಹಾಕಿ ಬರೀ ಕೆಂಪು ನೆಟ್ಟು ಕಾಯಿ ಇಲ್ಲ ಅಂತ ಗೊಬ್ಬರ ಸುರಿಯುವ ರೈತರು ಇದನ್ನೊಂದು ಯೋಚಿಸಬಹುದು.

ನಾಲಿಗೆ ಕತ್ತರಿಸಿದವರು

ಕೇಸು ಇಲ್ಲಿಗೆ ಮುಗಿಯಿತು ಅಂದುಕೊಂಡಾಗ ಇನ್ನೊಂದು ತಲೆನೋವು. ಬಲೆ ಇಲ್ಲ, ಜೇನು ಬಂದಿದೆ, ಆದರೂ ಕೆಲವು ಹೂ ಉದುರುತ್ತಿವೆ. ಉದುರಿದ್ದನ್ನು ಎತ್ತಿ ನೋಡಿದರೆ ದಳ ಸರಿ ಇದೆ, ನಾಲಿಗೆಯೇ ಇಲ್ಲ. ಬುಡದಿಂದ ಕಚ್ಚಿ ಕತ್ತರಿಸಿದ ಹಾಗಿದೆ.

ಇದನ್ನು ನೋಡಿದಾಗ ನನಗೆ ಪೆಸಿಫಿಕ್ ಸಾಗರದ ಗಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿ ನೆನಪಾಯಿತು. ಅಲ್ಲಿ ಪಾಪಾಸುಕಳ್ಳಿಯ ಹೂವೇ ಈ ಹಕ್ಕಿಗಳಿಗೆ ಮಳೆಯಿಲ್ಲದ ತಿಂಗಳುಗಳ ಅನ್ನ. ಪೀಟರ್ ಮತ್ತು ರೋಸ್‌ಮೆರಿ ಗ್ರಾಂಟ್ ಅನ್ನುವ ವಿಜ್ಞಾನಿ ದಂಪತಿ ವರ್ಷಗಟ್ಟಲೆ ಅಲ್ಲಿ ಕೂತು ನೋಡಿದವರು. ಕೆಲವು ಫಿಂಚ್‌ಗಳು ಮಕರಂದ, ಪರಾಗ ತಿನ್ನುವಾಗ ಹೂವಿನ ನಾಲಿಗೆಯನ್ನೇ ಕತ್ತರಿಸಿ ಹಾಕುತ್ತವೆ. ಆ ಹೂವಿನಲ್ಲಿ ಬೀಜ ಆಗಲ್ಲ. ಅಂದರೆ ಮುಂದೆ ತಾವೇ ತಿನ್ನಬೇಕಾದ ಬೀಜವನ್ನು ಇವತ್ತೇ ಹಾಳು ಮಾಡಿಕೊಳ್ಳುತ್ತವೆ. ಅದೇ ದ್ವೀಪಗಳಲ್ಲಿ ನೆಲದ ಇಗ್ವಾನಾಗಳು ಬಿದ್ದ ಹಳದಿ ಹೂವನ್ನು ಮುಳ್ಳು ಲೆಕ್ಕಿಸದೆ ನುಂಗುತ್ತವೆ.

ಹಾಸನದಲ್ಲಿ ಆ ಫಿಂಚ್ ಇಲ್ಲ. ಏಳು ಗಂಟೆಗೆ ಕಾಯುತ್ತಾ ಕೂತರೆ ಕಂಡದ್ದು ಅಳಿಲು. ಬೆನ್ನ ಮೇಲೆ ರಾಮನ ಬೆರಳಿನ ಮೂರು ಗೆರೆ ಇರುವ ಅದೇ ಅಳಿಲು, ಯಾರೂ ಅನುಮಾನ ಪಡದ ಪ್ರಾಣಿ. ಹೂವಿನೊಳಗೆ ತಲೆ ತೂರಿಸಿ, ಎರಡೂ ಕೈಯಲ್ಲಿ ನಾಲಿಗೆ ಹಿಡಿದು ಜೋಳದ ತೆನೆ ತಿಂದ ಹಾಗೆ ತಿಂದಿತು. ಪರಾಗ ಆಗಲೇ ತಾಗಿತ್ತಲ್ಲ ಅಂತ ನೀವು ಕೇಳಬಹುದು. ತಾಗಿತ್ತು. ಆದರೆ ತಾಗಿದ ಮೇಲೆ ಪರಾಗದಿಂದ ಕಣ್ಣಿಗೆ ಕಾಣದ ಕೊಳವೆ ಹೊರಟು, ಆ ಗೇಣುದ್ದದ ಕಡ್ಡಿಯೊಳಗೆ ಇಳಿದು ಬುಡ ಮುಟ್ಟಬೇಕು. ಗಂಟೆಗಟ್ಟಲೆ ಬೇಕು ಅದಕ್ಕೆ. ಅಳಿಲು ಅಷ್ಟು ಟೈಮ್ ಕೊಡಲಿಲ್ಲ.

"ಅಳಿಲ ಮೇಲೆ ಹೆಂಗ್ ಮೇಡಂ ಕಂಪ್ಲೇಂಟ್ ಮಾಡದು" ಅಂತ ಮಾಲಿ ಅಣ್ಣ ನಕ್ಕರು. ಬಾವಲಿಗೆ ಬಲೆ ಹಾಕಿದವರು ನಾವು, ಅಳಿಲಿಗೆ ನಗುತ್ತೇವೆ. ಮುಖ ನೋಡಿ ಮಣೆ ಹಾಕೋದು ಅಂದರೆ ಇದೇ.

ಹಗಲಿನ ಗಿಡಗಳು

ರಾತ್ರಿ ಕಾವಲಿನ ಜೊತೆಗೆ ಹಗಲು ಅರಳುವ ಕಳ್ಳಿಗಳನ್ನೂ ನೋಡಿದೆವು. ಹಳದಿ ಪಾಪಾಸುಕಳ್ಳಿಯ ಹೂವಿಗೆ ಬೆರಳು ಹಾಕಿ ಕೇಸರಗಳನ್ನು ಸವರಿದರೆ, ಅವು ನಿಧಾನಕ್ಕೆ ಒಳಗೆ ಬಾಗುತ್ತವೆ. ನಾಚಿಕೆಮುಳ್ಳಿನ ಹಾಗೆ, ಆದರೆ ಒಳಮುಖವಾಗಿ. ಮರ ಕೊರೆಯುವ ಕಪ್ಪು ದುಂಬಿ ನುಗ್ಗಿದಾಗಲೂ ಹೀಗೇ. ಕೇಸರಗಳು ಅದನ್ನು ತಬ್ಬಿಕೊಳ್ಳುತ್ತವೆ, ಹೊರಗೆ ಬರುವಾಗ ದುಂಬಿಗೆ ಅರಿಶಿನ ಶಾಸ್ತ್ರ ಆಗಿರುತ್ತೆ. ಆ ಹೂವಿನ ಪಕ್ಕದಲ್ಲೇ ಓತಿಕ್ಯಾತ ಒಂದು ದಿನಾ ಬಂದು ಕೂರುತ್ತಿತ್ತು. ಅದಕ್ಕೆ ಬೇಕಾದ್ದು ಹೂ ಅಲ್ಲ, ಹೂವಿಗೆ 'ಊಟಕ್ಕೆ ಬಂದವರು'.

ಕೆಂಪು ಹೂವಿನ ಪಾಪಾಸುಕಳ್ಳಿಯದು ಬೇರೆ ಸ್ವಭಾವ. ದಳ ಪೂರ್ತಿ ಬಿಚ್ಚಲ್ಲ, ಕೇಸರ ಮಾತ್ರ ಕುಂಚದ ಹಾಗೆ ಹೊರಗೆ. ತವರಿನಲ್ಲಿ ಇದು ಹಮ್ಮಿಂಗ್‌ಬರ್ಡಿನ ಹೂ. ಇಲ್ಲಿ ಆ ಕೆಲಸಕ್ಕೆ ನಮ್ಮ ಸೂರಕ್ಕಿ ಸೇರಿಕೊಂಡಿದೆ. ಗಾಳಿಯಲ್ಲಿ ನಿಲ್ಲುವ ಹಮ್ಮಿಂಗ್‌ಬರ್ಡಿಗೆ ಕೂರೋಕೆ ಜಾಗ ಬೇಡ, ಸೂರಕ್ಕಿಗೆ ಬೇಕು. ಮುಳ್ಳಿಲ್ಲದ ಹಸಿರು ಹಾಳೆಯ ಅಂಚಿನಲ್ಲಿ ಕೂತು, ಬಗ್ಗಿ, ಕೊಕ್ಕು ಇಳಿಸುತ್ತೆ. ಹಣೆಯ ಮೇಲೆ ಪರಾಗ ಹಚ್ಚಿಕೊಂಡು ಪಕ್ಕದ ಹೂವಿಗೆ ಹಾರುತ್ತೆ. ಸಾವಿರಾರು ಮೈಲಿ ಆಚೆಯ ಹೂ, ಇಲ್ಲಿನ ಹಕ್ಕಿ, ಮದುವೆ ಮಾತುಕತೆ ಇಲ್ಲದೇ ಸಂಬಂಧ ಕುದುರಿದೆ.

ಈ ಗಿಡ ನಮ್ಮ ದೇಶಕ್ಕೆ ಬಂದದ್ದೇ ಒಂದು ಪ್ರಾಣಿಗಾಗಿ ಅನ್ನೋದು ಮಕ್ಕಳಿಗೆ ಗೊತ್ತಿರಲಿಲ್ಲ. ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳು ಸಾಕೋಕೆ ಕಂಪನಿ ಸರ್ಕಾರ ಪಾಪಾಸುಕಳ್ಳಿ ಬೆಳೆಸಿತು. 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಿದರು, ಬಂದದ್ದು ಬಣ್ಣದ ಹುಳುವಲ್ಲ, ಅದರ ದಾಯಾದಿ. ಒಳ್ಳೆಯ ಬಣ್ಣ ಬರಲಿಲ್ಲ, ಕಳ್ಳಿ ಸತ್ತಿತು. ಕಳೆಯನ್ನು ಹುಳುವಿನಿಂದ ಹತೋಟಿಗೆ ತರಬಹುದು ಅಂತ ಜಗತ್ತಿಗೆ ಗೊತ್ತಾದದ್ದು ಹೀಗೆ, ತಪ್ಪಿನಿಂದ. 1926ರಲ್ಲಿ ಇನ್ನೊಂದು ಜಾತಿಯ ಹುಳುವನ್ನು ಬೇಕಂತಲೇ ತಂದು ಬಿಟ್ಟರು.

ಬ್ರಹ್ಮಕಮಲದ ವಿಷಯ ಒಂದೇ ಸಾಲು: ಅದಕ್ಕೆ ಅತಿ ಹೆಚ್ಚು ಬಂದ ಪ್ರಾಣಿ ಮನುಷ್ಯ. ಮೊಬೈಲ್ ಫ್ಲ್ಯಾಶ್, ಊದುಬತ್ತಿ, ಕುಂಕುಮ. ಅದು ಹಿಮಾಲಯದ ಬ್ರಹ್ಮಕಮಲ ಅಲ್ಲ, ಅಮೆರಿಕದ ಕಳ್ಳಿ, ನೀವು ಎಲೆ ಅಂದುಕೊಂಡದ್ದು ಚಪ್ಪಟೆ ಕಾಂಡ ಅಂತ ಹೇಳಿದೆ. ಕೈ ಮುಗಿಯುವವರು ಕೈ ಮುಗಿಯುತ್ತಲೇ ಇದ್ದರು. ಸರಿ, ಬಿಟ್ಟುಬಿಟ್ಟೆ.

ಏನು ಬದಲಾಯಿಸಿದೆವು

ಬಲೆ ಪೂರ್ತಿ ಬಿಟ್ಟೆವು. ಹೆಜ್ಜೇನಿಗೆ ಹೊಗೆ ಹಾಕಿಸುವ ಅರ್ಜಿಯನ್ನು ನಾನೇ ವಾಪಸ್ ತೆಗೆದುಕೊಂಡೆ. ಟ್ಯಾಂಕಿನ ಕೆಳಗೆ ಯಾರೂ ಓಡಾಡದ ಹಾಗೆ ಹಗ್ಗ ಕಟ್ಟಿದ್ದೇವೆ. ಮೊಗ್ಗಿಗೆ ಮುತ್ತುವ ಇರುವೆಗೆ ಮಾಲಿ ಅಣ್ಣ ಪುಡಿ ಹಾಕುತ್ತಿದ್ದರು, ಅದೂ ನಿಂತಿತು. ಆ ಇರುವೆಗಳು ಮೊಗ್ಗು ತಿನ್ನೋಕೆ ಬಂದವಲ್ಲ. ಮೊಗ್ಗಿನ ಹೊರಗಿನ ಎಸಳುಗಳಲ್ಲೇ ಸಿಹಿ ಒಸರುತ್ತೆ, ಅದನ್ನು ನೆಕ್ಕೋಕೆ ಬರುತ್ತವೆ. ಇರುವೆಗೆ ಹಾಕಿದ ಪುಡಿ ಬೆಳಿಗ್ಗೆ ಜೇನಿನ ಕಾಲಿಗೂ ಅಂಟುತ್ತಿತ್ತು.

ಬಸವನಹುಳುಗೆ ಸಂಜೆ ಒದ್ದೆ ಗೋಣಿಚೀಲ ಹಾಸಿ, ಕೆಳಗೆ ಪಪಾಯ ಎಲೆ, ಕೋಸಿನ ಸಿಪ್ಪೆ ಇಡುತ್ತೇವೆ. ಬೆಳಿಗ್ಗೆ ಚೀಲ ಎತ್ತಿದರೆ ಎಲ್ಲ ಅಲ್ಲೇ ಕೂಡಿರುತ್ತವೆ. ಗ್ಲೌಸ್ ಹಾಕಿಯೇ ಎತ್ತಬೇಕು. ಇವುಗಳ ಮೈಯಲ್ಲಿ ಮೆದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳು ಇರಬಹುದು. ಎತ್ತಿದ್ದನ್ನು ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇವೆ. ಕಂಬದ ಸುತ್ತ ಸುಣ್ಣದ ಪುಡಿಯನ್ನೂ ಹಾಕಿ ನೋಡಿದೆವು, ಒಂದು ಮಳೆಗೆ ಕೊಚ್ಚಿಹೋಯಿತು.

ಅಳಿಲಿಗೆ ಮಾಲಿ ಅಣ್ಣನೇ ಉಪಾಯ ಕಂಡುಹಿಡಿದರು. ಹೂ ಅರಳಿದ ದಿನ ಬೇಗ ಬಂದು ಕಂಬದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಾರೆ. ಜೇನು ಬರುತ್ತೆ, ಅಳಿಲು ಬರಲ್ಲ. ಎಂಟೂವರೆಗೆ ಜೇನು ಹೋದ ಮೇಲೆ ಹೂವಿಗೆ ಸಣ್ಣ ಬಲೆಚೀಲ ಕಟ್ಟಿ ಎರಡು ದಿನ ಬಿಡುತ್ತಾರೆ.

ಅಕ್ಟೋಬರ್‌ನಲ್ಲಿ, ಹಾಸನಾಂಬೆಯ ಬಾಗಿಲು ತೆರೆದು ಊರೆಲ್ಲ ಸಾಲಿನಲ್ಲಿ ನಿಂತಿದ್ದ ವಾರ, ಕೆಂಪು ಬಳ್ಳಿಯ ಕೊನೆಯ ಫಸಲು ಹಣ್ಣಾಗಿತ್ತು. ಇನ್ನೆರಡು ದಿನ ಇದ್ದರೆ ಸಿಹಿ ಜಾಸ್ತಿ ಅಂತ ದೊಡ್ಡದೊಂದನ್ನು ಬಿಟ್ಟಿದ್ದೆವು. ಸೋಮವಾರ ಬೆಳಿಗ್ಗೆ ಗೇಟಿನ ಹತ್ತಿರ ಮಾಲಿ ಅಣ್ಣ ಕಾಯುತ್ತಾ ನಿಂತಿದ್ದರು. ಕೈಯಲ್ಲಿ ಅರ್ಧ ಹಣ್ಣು. ಒಳಗಿನ ಕೆಂಪು ತಿರುಳು ಗೋರಿ ಖಾಲಿ ಮಾಡಿತ್ತು.

"ಇದಾದ್ರೂ ಯಾರ್ ಕೆಲ್ಸ, ನೋಡ್ಬಿಟ್ಟು ಹೇಳಿ ಮೇಡಂ."

ಹಣ್ಣನ್ನು ಕೈಗೆ ತಗೊಂಡೆ. ತಿರುಗಿಸಿ ನೋಡಿದೆ. ಸಿಪ್ಪೆಯ ಮೇಲೆ ಉಗುರು ಚುಚ್ಚಿದ ಸಾಲು ಚುಕ್ಕೆಗಳು, ಅಂಚಿನಲ್ಲಿ ಸಣ್ಣ ಹಲ್ಲಿನ ಗುರುತು. ಬುಡಕ್ಕೆ ಹೋಗಿ ನೋಡಿದೆ, ಬೆಳ್ಳಿಯ ಗೆರೆ ಇರಲಿಲ್ಲ. ನೆಲದ ಮೇಲೆ ಕೆಂಪು ಹಿಕ್ಕೆ, ಅದರ ತುಂಬ ಕಪ್ಪು ಬೀಜ.

"ಇದು ಬಾವಲಿನೇ ಅಣ್ಣ" ಅಂದೆ.

ಅವರು ಸ್ವಲ್ಪ ಹೊತ್ತು ಆ ಹಣ್ಣನ್ನೇ ನೋಡಿದರು. "ಹೋಗ್ಲಿ ಬಿಡಿ" ಅಂದು ಉಳಿದರ್ಧವನ್ನು ಗಸಗಸೆ ಮರದ ಕವಲಿಗೆ ಸಿಕ್ಕಿಸಿ, ಗೋಣಿಚೀಲ ಎತ್ತೋಕೆ ಹೋದರು.